ಸಂಕ್ರಾಂತಿಗೆ ಗಿಳಿ ಎರೆಯುವ ರಹಮತ್ ಬಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಗುಂಡ್ಲುಪೇಟೆಯ ತಮ್ಮ ಹಿತ್ತಲಲ್ಲಿ ರಹಮತ್ ಬಿ ಬಾನಿಯ ನೀರಿನಿಂದ ಮರದ ಅಚ್ಚುಗಳನ್ನು ಎತ್ತುತ್ತಿದ್ದಾರೆ. ಗಿಳಿ, ಬಸವ, ಮಂಟಪ, ಕಬ್ಬಿನ ಜಲ್ಲೆ. ಎರಡೆರಡು ಹೋಳು ಜೋಡಿಸಿ ದಾರ ಬಿಗಿದು ಸಾಲಾಗಿ ನಿಲ್ಲಿಸುತ್ತಾರೆ. ರಾತ್ರಿಯೆಲ್ಲ ನೆನೆಯದ ಅಚ್ಚಿಗೆ ಪಾಕ ಹುಯ್ದರೆ ಗಿಳಿಯ ತಲೆ ಒಳಗೇ ಅಂಟಿಕೊಂಡು ಬರೀ ಬಾಲ ಕೈಗೆ ಬರುತ್ತದಂತೆ. ಒಲೆ ಉರಿಯುತ್ತಿದೆ. ಪಾತ್ರೆ ಮಾತ್ರ ಖಾಲಿ.

ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ತಟ್ಟೆಯಲ್ಲಿ ಸಕ್ಕರೆ ಅಚ್ಚಿಲ್ಲದೆ ಎಳ್ಳು ಬೀರಲು ಹೊರಡುವ ಹೆಣ್ಣುಮಕ್ಕಳು ಈ ಪೇಟೆಯಲ್ಲಿಲ್ಲ. ಮನೆಯವರು ಸಕ್ಕರೆ, ಹಾಲು ತಂದುಕೊಡುವುದು, ರಹಮತ್ ಬಿ ಎರೆದುಕೊಡುವುದು ಇಲ್ಲಿನ ರೂಢಿ. ರೇಷನ್ ಕಾಲದಲ್ಲಿ ನನ್ನವ್ವ ಕಾಫಿಗೆ ಬೆಲ್ಲ ಹಾಕಿ, ಉಳಿಸಿದ ಸಕ್ಕರೆಯನ್ನು ಸೆರಗಿನಡಿ ಮುಚ್ಚಿಕೊಂಡು ಇದೇ ಹಿತ್ತಲಿಗೆ ಬರುತ್ತಿದ್ದಳು. ನಾನು ಗಿಳಿಯನ್ನು ಬಾಲದಿಂದ ತಿನ್ನುತ್ತಾ ಹೋಗಿ ತಲೆಯನ್ನು ಮರುದಿನಕ್ಕೆಂದು ಗೂಡಿನಲ್ಲಿಟ್ಟರೆ, ಇರುವೆಗಳು ನನಗಿಂತ ಮೊದಲೇ ಎದ್ದಿರುತ್ತಿದ್ದವು. ಅಂಥ ಸಿಹಿ ಆಮೇಲೆ ನನಗೆ ಮೈಸೂರಿನ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಅಚ್ಚುಗಳನ್ನೆಲ್ಲ ಕೆತ್ತಿದವರು ಇವರ ಗಂಡ ಬಷೀರ್ ಅಹಮದ್. ಹಗಲು ಗಾಡಿ ಚಕ್ರದ ಕೆಲಸ, ಸಂಜೆ ಉಳಿ ಹಿಡಿದು ಅಚ್ಚು. ಅವರು ಕೆತ್ತಿದ ಬಸವನಿಗೆ ಮೈಗಿಂತ ಬೆನ್ನ ಮೇಲಿನ ಹಿಣಿಲೇ ದೊಡ್ಡದು. ಯಾರಾದರೂ ನಕ್ಕರೆ, ತಿನ್ನೋ ಮಕ್ಕಳು ತಕರಾರು ಮಾಡಿಲ್ಲವಲ್ಲ ಎನ್ನುತ್ತಿದ್ದರಂತೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು.

ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಅಚ್ಚು ಬಿಚ್ಚುತ್ತಿದ್ದ ಕೈ ಈಗ ಸುಮ್ಮನೆ ಬೂದಿ ಕೆದಕುತ್ತಿದೆ. ಒಂದು ವಾರದಿಂದ ಒಬ್ಬರೂ ಬಂದಿಲ್ಲ. ನಾನು ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟರು.

“ನಮ್ಮನೆಯೋರ ಮಕ ನೋಡಿ ಬತ್ತಿದ್ರೇನೋ ಸ್ವಾಮಿ. ಪಾಕ ಕಾಯ್ಸಿದ್ದು ನಾನೇ. ಆದ್ರೂ ನನ್ನೊಬ್ಳ ಕೈ ನಂಬಕಿಲ್ಲ ಅಂತ ಕಾಣ್ತದೆ.”

ಬಿಸಿಲೇರುವ ಹೊತ್ತಿಗೆ ಪಕ್ಕದ ಬೀದಿಯ ಗುರುಸಿದ್ದಮ್ಮ ಬರಿಗೈಲಿ ಬಂದರು. ವರ್ಷಾವರ್ಷ ಮೊದಲ ಸಕ್ಕರೆ ಅವರ ಮನೆಯದೇ. ಕ್ಷೇಮ ವಿಚಾರಿಸಿಕೊಂಡು ಹೋಗಲು ಬಂದವರು, ಬಿಗಿದು ನಿಲ್ಲಿಸಿದ್ದ ಅಚ್ಚುಗಳನ್ನು ಕಂಡು ನಿಂತುಬಿಟ್ಟರು.

“ಇದೇನ್ ಬೂವಮ್ಮ, ಎರೀತಿದ್ದೀಯಾ? ಸಾವಾದ ಮನೆ, ವರ್ಸ ತುಂಬಗಂಟ ಅಬ್ಬದ ಕೆಲ್ಸ ಮುಟ್ಟಕಿಲ್ಲ, ಕೇಳಿ ನೋಯ್ಸೋದ್ ಬ್ಯಾಡ ಅಂತ ಬೀದಿಯೋರೆಲ್ಲ ಸುಮ್ಕಿದ್ದೊ ಕಣಮ್ಮ.”

ತಮ್ಮ ಮನೆಯ ಕಟ್ಟಳೆಯನ್ನೇ ಇವರ ಮನೆಗೂ ಹಿಡಿದು, ಪ್ರೀತಿಯಿಂದಲೇ ಇಡೀ ಬೀದಿ ಒಬ್ಬ ಹೆಂಗಸನ್ನು ಒಂಟಿ ಮಾಡಿತ್ತು. ರಹಮತ್ ಬಿ ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ತಮ್ಮ ಪದ್ಧತಿಯ ನಾಲ್ಕು ತಿಂಗಳು ಹತ್ತು ದಿನದ ಗಡುವು ಮುಗಿದು ತಿಂಗಳಾಯಿತು, ಇನ್ನು ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ ಎಂದು ಆಮೇಲೆ ಹೇಳಿದರು. ಗುರುಸಿದ್ದಮ್ಮ ಮನೆಗೆ ಹೋಗಿ ಸಕ್ಕರೆ ತಂದರು. ದಾರಿಯಲ್ಲಿ ಎಷ್ಟು ಮನೆಗೆ ಹೇಳಿದರೋ, ಮಧ್ಯಾಹ್ನದೊಳಗೆ ಹಿತ್ತಲ ತುಂಬ ಪಾತ್ರೆಗಳು.

ಈಗ ಪಾಕ ಕುದಿಯುತ್ತಿದೆ. ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಬೆಳ್ಳಗಾಗುವವರೆಗೆ ತಿರುವಿ ಥಟ್ಟನೆ ಅಚ್ಚಿಗೆ ಹುಯ್ಯುತ್ತಾರೆ. ಮಾತಾಡಿಸಿದರೆ ಕೈಯಾಡಿಸುತ್ತಲೇ ಉತ್ತರ. ಏನಾದರೂ ಆಸೆ ಉಂಟೇ ಎಂದೆ. ದಾರ ಬಿಚ್ಚಿ, ಹೊಳೆಯುವ ಬಿಳಿ ಬಸವನನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.

“ಗೋರಿ ಮ್ಯಾಲೆ ಅವ್ರ ಎಸ್ರು ಬರೆಸೋ ಶಕ್ತಿ ನಂಗಿಲ್ಲ ಸ್ವಾಮಿ. ವರ್ಸಕ್ಕೊಂದ್ ಸಲ ಅವ್ರು ಕೆತ್ತಿದ್ದು ಊರ ಮಕ್ಳ ಬಾಯಲ್ಲಿ ಕರಗ್ಲಿ, ಸಾಕು.”