ಮನೆಗೆಲಸಕ್ಕೆ ಎಷ್ಟು ಹೊತ್ತು?

ಶುದ್ಧ ಕನ್ನಡದ ಚಪಲ ನನಗೆ ಮೊದಲಿನಿಂದಲೂ ಇದೆ. ಚಾಮರಾಜಪೇಟೆಯ ಒಂದು ಹಳೆಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿದ್ದೇನೆ. ಶಾಲೆ ಈಗ ಇಂಗ್ಲಿಷ್ ಮೀಡಿಯಂ. ಮಕ್ಕಳು ಆಡುವ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ನಾನು ಬರೆದದ್ದರಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ಆಗ ಮೈ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಇದಕ್ಕೇ ನನ್ನನ್ನು ರೇಗಿಸುತ್ತಿದ್ದರು. "ಕಾಫಿಗೆ ಕನ್ನಡದಲ್ಲಿ ಏನಂತಾರೆ ಹೇಳಿ ಮೇಡಂ, ಆಮೇಲೆ ಕೊಡ್ತೀವಿ" ಎಂದು ಲೋಟವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಬರೆಯುತ್ತಿರುವುದರಲ್ಲಿ ಇಂಗ್ಲಿಷ್ ಪದಗಳು ಧಾರಾಳವಾಗಿವೆ. ಏಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹೆಡ್ ಮೇಡಂ ಮೂರು ದಿನದ ತರಬೇತಿಗೆ ಹೋಗಿ ಬಂದರು. ಹೋಗುವ ಮುಂಚೆ ಮಗ್ಗಿ ಒಪ್ಪಿಸದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವರು, ಬಂದ ಮೇಲೆ ಬಾಯಿ ಬಿಟ್ಟರೆ ಮಕ್ಕಳ ನೆಮ್ಮದಿ ಅನ್ನತೊಡಗಿದರು. ಶುಕ್ರವಾರದ ಡ್ರಾಯಿಂಗ್ ಪಿರಿಯಡ್ ತೆಗೆದು ಅಲ್ಲಿ ‘ನೆಮ್ಮದಿ ಪಿರಿಯಡ್’ ಇಟ್ಟರು. ಚಿತ್ರ ಬರೆದುಕೊಂಡು ಹಾಯಾಗಿದ್ದ ಮಕ್ಕಳು ಕಣ್ಣು ಮುಚ್ಚಿ ಕೈಕಟ್ಟಿ ಹಾಯಾಗಿ ಕೂರಬೇಕಾಯಿತು. ಪಾಠಗಳು ಒಂದೂ ಕಡಿಮೆಯಾಗಲಿಲ್ಲ, ಪರೀಕ್ಷೆಗಳೂ ಕಡಿಮೆಯಾಗಲಿಲ್ಲ.

ಆಮೇಲೆ ಒಂದು ಫಾರಂ ಬಂತು. ಮಕ್ಕಳೇ ತುಂಬಿ ಕೊಡಬೇಕಾದದ್ದು. ಚಿಕ್ಕ ಮಕ್ಕಳೂ ತಾವೇ ಓದಿ ಬರೆಯಲಿ ಎಂದು ಇಂಗ್ಲಿಷಿನಲ್ಲಿ ಇದ್ದುದನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಿತ್ತು. ಶಾಲೆ ಇಷ್ಟವೇ, ಗೆಳೆಯರಿದ್ದಾರೆಯೇ ಎಂದೆಲ್ಲ ಕೇಳಿದ ಮೇಲೆ ಕೊನೆಯಲ್ಲಿ ಮೂರು ಪ್ರಶ್ನೆ ಹೋಮ್‌ವರ್ಕ್ ಕುರಿತಾಗಿ ಇದ್ದವು. ಹೆಡ್ ಮೇಡಂ ಹೇಳಿದರು, "ಹೋಮ್‌ವರ್ಕ್ ಅಂತಲೇ ಇರ್ಲಿ ಬಿಡ್ರೀ, ಮಕ್ಳಿಗೆ ಅರ್ಥ ಆಗುತ್ತೆ." ನಾನು ಬಿಡಬೇಕಲ್ಲ! "ನಾವು ಓದೋವಾಗ ಬೋರ್ಡ್ ಮೇಲೆ ಮನೆಗೆಲಸ ಅಂತಲೇ ಬರೀತಿದ್ರು ಮೇಡಂ. ಅಷ್ಟು ಚೆನ್ನಾಗಿರೋ ಪದ ಇರೋವಾಗ ಬೇರೇದ್ಯಾಕೆ?" ಎಂದೆ. ಹೀಗೆ ಮೂರು ಪ್ರಶ್ನೆ ತಯಾರಾದವು. ಮನೆಗೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಬೇಕು? ಮನೆಗೆಲಸ ಮಾಡುವಾಗ ಯಾರು ಸಹಾಯ ಮಾಡುತ್ತಾರೆ? ಮನೆಗೆಲಸದಲ್ಲಿ ನಿನಗೆ ಯಾವುದು ಕಷ್ಟ?

ನನ್ನ ಮೂರನೆಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಒಂದನೆಯ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡಿದ್ದರು. ತಂದೆ ಬೇರೆ ಊರಿನಲ್ಲಿ ಇನ್ನೊಂದು ಮದುವೆಯಾಗಿದ್ದ. ಇವಳು ಶಾಲೆಗೆ ಹತ್ತಿರದ ವಠಾರವೊಂದರಲ್ಲಿ ದೊಡ್ಡಮ್ಮನ ಜೊತೆ ಇದ್ದಳು. ಮಾತು ಕಡಿಮೆ. ಅಕ್ಷರ ಮಾತ್ರ ಅಚ್ಚಿನಲ್ಲಿ ಒತ್ತಿದ ಹಾಗೆ. ಒಂದೊಂದು ತಲೆಕಟ್ಟನ್ನೂ ಸಾವಕಾಶವಾಗಿ ತಿದ್ದುತ್ತಿದ್ದಳು. ಒಂದು ಪುಟ ಹೋಮ್‌ವರ್ಕ್ ಕೊಟ್ಟರೆ ಎರಡು ಪುಟ ಬರೆದು ತರುತ್ತಿದ್ದಳು. "ಇಷ್ಟು ನಿಧಾನ ಬರೆದ್ರೆ ಪರೀಕ್ಷೇಲಿ ಏನೇ ಮಾಡ್ತೀಯ?" ಎಂದು ನಾನೇ ಎಷ್ಟೋ ಸಲ ಬೈದಿದ್ದೆ.

ಆಮೇಲೆ ಅವಳ ಫಾರಂ ನನ್ನ ಕೈಗೆ ಬಂತು. ಎಷ್ಟು ಹೊತ್ತು? ‘ಐದು ಗಂಟೆ.’ ಯಾರು ಸಹಾಯ ಮಾಡುತ್ತಾರೆ? ‘ಯಾರೂ ಇಲ್ಲ. ದೊಡ್ಡಮ್ಮನಿಗೆ ಪುರುಸೊತ್ತಿಲ್ಲ.’ ಯಾವುದು ಕಷ್ಟ? ‘ದೊಡ್ಡದು ಕಷ್ಟ. ಚಿಕ್ಕದು ಬೇಗ ಆಗುತ್ತೆ. ಹಬ್ಬದಲ್ಲಿ ಜಾಸ್ತಿ ಇರುತ್ತೆ.’ ಎಂಟು ವರ್ಷದ ಮಗು ಹೋಮ್‌ವರ್ಕಿಗೆ ಐದು ಗಂಟೆ ಕೂರುತ್ತದೆಯೇ? ದೊಡ್ಡ ಲೆಕ್ಕ ಕಷ್ಟವಾಗುತ್ತಿರಬೇಕು, ದಸರಾ ರಜಕ್ಕೆ ನಾವು ಹೇರುವ ಹೊರೆಯನ್ನೇ ಹೇಳುತ್ತಿರಬೇಕು ಎಂದುಕೊಂಡೆ. ಫಾರಂ ಹಿಡಿದುಕೊಂಡು ಹೆಡ್ ಮೇಡಂ ರೂಮಿಗೆ ಓಡಿದೆ.

ನಿಜ ನನ್ನ ಕಣ್ಣೆದುರಿಗೇ ಇತ್ತು. ಫಾರಮ್ಮುಗಳ ಅದೇ ಕಟ್ಟಿನಲ್ಲಿ ಇನ್ನೊಬ್ಬ ಹುಡುಗಿ ಬರೆದಿದ್ದಳು, ‘ಮನೆಗೆಲಸ ನಾನು ಮಾಡಲ್ಲ. ಕೆಲಸದ ಆಂಟಿ ಬಂದು ಮಾಡ್ತಾರೆ.’ ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಕೆಲಸದವಳ ಕೈಲಿ ಹೋಮ್‌ವರ್ಕ್ ಮಾಡಿಸುವ ಮಗು ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇಪ್ಪತ್ತು ವರ್ಷ ಭಾಷೆ ಕಲಿಸಿದವಳು ನಾನು, ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ.

ಮುಂದಿನ ವಾರವೇ ತೀರ್ಮಾನವಾಯಿತು. ಒಂದರಿಂದ ಮೂರರವರೆಗೆ ಹೋಮ್‌ವರ್ಕ್ ಇಲ್ಲ. ಪೋಷಕರ ಸಭೆಯಲ್ಲಿ ಹೆಡ್ ಮೇಡಂ ಆ ಫಾರಮ್ಮನ್ನು ಹೆಸರು ಮುಚ್ಚಿ ಎತ್ತಿ ತೋರಿಸಿದರು. "ಐದು ಗಂಟೆ! ಇದು ಬಾಲ್ಯಾನಾ?" ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಸಭೆಗೆ ಬರದ ಪೋಷಕರಿಗಾಗಿ ಸುತ್ತೋಲೆ ಬರೆದದ್ದೂ ನಾನೇ. ‘ಇನ್ನು ಮುಂದೆ ನಿಮ್ಮ ಮಗುವಿಗೆ ಮನೆಯಲ್ಲಿ ಯಾವ ಬರವಣಿಗೆಯೂ ಇರುವುದಿಲ್ಲ. ಸಂಜೆಯ ಹೊತ್ತು ಮಗುವನ್ನು ಮನೆಯ ಸಣ್ಣಪುಟ್ಟ ಕೆಲಸಗಳಲ್ಲಿ ನಿಮ್ಮ ಜೊತೆ ಸೇರಿಸಿಕೊಳ್ಳಿ.’ ಬರೆದು ಮುಗಿಸಿ ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದೆ.

ಎರಡು ದಿನ ಕಳೆದಿರಬೇಕು. ಲಾಂಗ್ ಬೆಲ್ ಆಗಿ ಮಕ್ಕಳೆಲ್ಲ ಹೊರಟ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ನಂಗೆ ಹೋಮ್‌ವರ್ಕ್ ಕೊಡಿ."

"ಇನ್ಮೇಲೆ ಇಲ್ಲ ಮರಿ. ಹೋಗಿ ಆಟ ಆಡ್ಕೋ."

"ಒಂದೇ ಒಂದು ಪೇಜ್ ಮಿಸ್. ಡೈರೀಲಿ ಬರೆದು ಸೈನ್ ಹಾಕ್ಕೊಡಿ ಸಾಕು."

ನನಗೆ ತಮಾಷೆಯಾಗಿ ಕಂಡಿತು. ನಿನ್ನಂಥವಳಿಗಾಗಿಯೇ ನಿಲ್ಲಿಸಿದ್ದು ಕಣೇ ಎಂದು ಕೆನ್ನೆ ತಟ್ಟಿ ಕಳಿಸಿದೆ. ಮರುದಿನವೂ ಬಂದಳು. ಮೂರನೆಯ ಸಲ ಬಂದಾಗ ನನಗೆ ಬಸ್ಸಿಗೆ ಹೊತ್ತಾಗಿತ್ತು. "ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ? ರೂಲ್ಸ್ ಅಂದ್ರೆ ರೂಲ್ಸ್" ಎಂದು ಗದರಿದೆ. ಆಮೇಲೆ ಅವಳು ಕೇಳಲಿಲ್ಲ.

ಎರಡು ವಾರದ ನಂತರ ಯಾವುದೋ ರಜಾಚೀಟಿ ಹುಡುಕಲು ಡೈರಿಗಳನ್ನು ತೆರೆಸಿದೆ. ಅವಳ ಡೈರಿಯಲ್ಲಿ ಒಂಬತ್ತು ದಿನ ಹೋಮ್‌ವರ್ಕ್ ಬರೆದಿತ್ತು. ‘ಕಾಪಿ ಎರಡು ಪುಟ. ಹನ್ನೆರಡರ ಮಗ್ಗಿ ಮೂರು ಸಲ.’ ಪ್ರತಿ ದಿನದ ಕೆಳಗೂ ನನ್ನ ಸಹಿ. ನಾನು ಸಹಿಯ ಕೆಳಗೆ ಇಡುವ ಎರಡು ಚುಕ್ಕೆಗಳನ್ನೂ ಬಿಟ್ಟಿರಲಿಲ್ಲ. ನನ್ನ ಸಹಿಯನ್ನೇ ಕದಿಯುವಷ್ಟು ಆಯಿತೇ ಎಂದು ಪಿತ್ತ ನೆತ್ತಿಗೇರಿತು. ಡೈರಿ, ಅದರ ಜೊತೆಗಿದ್ದ ನೋಟ್‌ಬುಕ್ಕು ಎರಡನ್ನೂ ಕಿತ್ತುಕೊಂಡು ಬೀರುವಿಗೆ ಎಸೆದೆ. ನೋಟ್‌ಬುಕ್ಕನ್ನು ತೆರೆದು ಸಹ ನೋಡಲಿಲ್ಲ. ಅವಳ ಎದುರಿಗೇ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ನಿಮ್ಮ ಹುಡುಗಿ ನನ್ನ ಸೈನ್ ತಾನೇ ಹಾಕ್ಕೊಂಡಿದಾಳೆ. ನಾವು ಹೋಮ್‌ವರ್ಕ್ ಕೊಡೋದು ಬಿಟ್ಟು ಮೂರು ವಾರ ಆಯ್ತು."

"ಹಂಗಾ ಮೇಡಂ. ದಿನಾ ಹೋಮ್‌ವರ್ಕ್ ಇದೆ ಅಂತ ಕೂತಿರ್ತಾಳಲ್ಲ. ಆಯ್ತು, ನಾನು ನೋಡ್ಕೋತೀನಿ." ಹುಡುಗಿ ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಅಲ್ಲಿಂದ ಮುಂದೆ ತಡವಾಗಿ ಬರತೊಡಗಿದಳು. ನೆಮ್ಮದಿ ಪಿರಿಯಡ್ಡಿನಲ್ಲಿ ಕಣ್ಣು ಮುಚ್ಚಿ ಎಂದರೆ ನಿಜವಾಗಿಯೂ ನಿದ್ದೆ ಹೋಗುತ್ತಿದ್ದಳು. ಒಂದು ಸೋಮವಾರದಿಂದ ಬರುವುದೇ ನಿಂತಿತು. ಫೋನ್ ಮಾಡಿದರೆ ಎತ್ತುವವರಿಲ್ಲ. ಎರಡನೆಯ ವಾರ ಶಾಲೆ ಬಿಟ್ಟ ಮೇಲೆ ವಠಾರ ಹುಡುಕಿಕೊಂಡು ಹೋದೆ.

ಒಳಗೆ ಕಾಲಿಟ್ಟರೆ ಮೊದಲು ಕಂಡದ್ದು ನಲ್ಲಿಕಟ್ಟೆ. ಅದರ ಸುತ್ತ ಪಾತ್ರೆಗಳ ರಾಶಿ. ದೊಡ್ಡಮ್ಮ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ಊಟದ ಕ್ಯಾರಿಯರ್ ಕಳಿಸುತ್ತಿದ್ದರಂತೆ, ಹಬ್ಬ ಬಂದರೆ ಹೋಳಿಗೆಯ ಆರ್ಡರ್ ಬೇರೆ. ಲೋಟ, ಸೌಟು, ಕ್ಯಾರಿಯರ್ ಡಬ್ಬಿಗಳು ಒಂದು ಕಡೆ. ಇನ್ನೊಂದು ಕಡೆ ಅನ್ನದ ತಪ್ಪಲೆ, ಸಾರಿನ ಕೊಳದಪ್ಪಲೆ. ಒಂದೊಂದರಲ್ಲೂ ಆ ಹುಡುಗಿ ಇಳಿದು ಕೂರಬಹುದಿತ್ತು. ದೊಡ್ಡದು ಕಷ್ಟ, ಚಿಕ್ಕದು ಬೇಗ ಆಗುತ್ತೆ. ಹಬ್ಬದಲ್ಲಿ ಜಾಸ್ತಿ ಇರುತ್ತೆ.

ದೊಡ್ಡಮ್ಮ ಕೆಟ್ಟ ಹೆಂಗಸಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನನಗೆ ಮಣೆ ಹಾಕಿದರು, ಕಾಫಿ ಕೊಟ್ಟರು. "ಅವಳಪ್ಪ ಬಂದು ಕರ್ಕೊಂಡ್ಹೋದ ಮೇಡಂ. ಅಲ್ಲಿ ಕೂಸು ಚಿಕ್ಕದು, ನೋಡ್ಕೊಳಕ್ಕೆ ಒಬ್ರು ಬೇಕಂತೆ. ನಾನೂ ಕಳಿಸ್ಬಿಟ್ಟೆ. ಇಲ್ಲಿದ್ದು ಏನ್ ಓದ್ತಿದ್ಲು ಹೇಳಿ? ಸುಳ್ಳು ಬೇರೆ ಕಲಿತಿದ್ಲು."

"ಅವಳು ಚೆನ್ನಾಗಿ ಓದ್ತಿದ್ಲಲ್ಲಮ್ಮ" ಎಂದೆ.

"ಹೋಮ್‌ವರ್ಕ್ ಅಂತ ಪುಸ್ತಕ ಹಿಡಿದ್ರೆ ನಾನು ಯಾವತ್ತೂ ಎಬ್ಬಿಸ್ತಿರ್ಲಿಲ್ಲ ಮೇಡಂ. ಬರೀತಾ ಕೂತಿರೋ ಮಗೂನ ಎಬ್ಬಿಸಿದ್ರೆ ಸರಸ್ವತೀನ ಎಬ್ಬಿಸಿದಂಗೆ ಅಂತ ನಮ್ಮಮ್ಮ ಹೇಳಿದಾರೆ. ಅವಳು ಬರೆದು ಮುಗ್ಸೋವರ್ಗೂ ಪಾತ್ರೆ ಹಂಗೇ ಬಿದ್ದಿರೋವು. ಆಮೇಲೆ ನೀವೇ ಇಲ್ಲ ಅಂದ್ರಲ್ಲ." ಗೋಡೆಯ ಮೊಳೆಗೆ ಸಿಕ್ಕಿಸಿದ್ದ ನನ್ನ ಸುತ್ತೋಲೆಯನ್ನು ತೆಗೆದು ತೋರಿಸಿದರು. "ನೀವು ಫೋನ್ ಮಾಡಿದ್ಮೇಲೆ ಅವಳ ಬ್ಯಾಗಲ್ಲಿ ಸಿಕ್ತು. ಇದ್ರಲ್ಲೂ ಬರ್ದಿದೀರಲ್ಲ, ಕೆಲಸಕ್ಕೆ ಸೇರಿಸ್ಕೊಳಿ ಅಂತ."

ಅಲ್ಲಿಗೆ ಮುಗಿಯಿತು. ಆ ಮಗುವಿಗೆ ದಿನದಲ್ಲಿ ಕಾಲು ಮಡಿಸಿ ಕೂರಲು ಇದ್ದದ್ದು ಅದೊಂದು ಹೊತ್ತು. ಅದಕ್ಕೇ ಅಕ್ಷರಗಳು ಅಷ್ಟು ಸಾವಕಾಶ, ಅದಕ್ಕೇ ಒಂದು ಪುಟಕ್ಕೆ ಎರಡು ಪುಟ. ನಾವೆಲ್ಲ ಸೇರಿ ಅವಳ ನೆಮ್ಮದಿಗಾಗಿ ಅದನ್ನು ಕಿತ್ತುಕೊಂಡೆವು. ಅವಳೇ ಅದನ್ನು ಹೇಗೋ ಉಳಿಸಿಕೊಂಡಿದ್ದಾಗ ನಾನೊಬ್ಬಳೇ ಫೋನ್ ಮಾಡಿ ಕಿತ್ತುಕೊಂಡೆ.

ಅವಳ ತಂದೆಯ ನಂಬರ್ ಪಡೆದು ಬಂದೆ. ಒಂದು ಸಲ ಎತ್ತಿ, ಶಾಲೆಗೆ ಸೇರಿಸ್ತೀನಿ ಎಂದ. ಆಮೇಲೆ ಎತ್ತಲಿಲ್ಲ. ಶಿಕ್ಷಣ ಇಲಾಖೆಗೆ ಎರಡು ಪತ್ರ ಬರೆದೆ. ಬೇರೆ ಶಾಲೆಗೆ ಸೇರಿಸಬೇಕಾದರೆ ನಮ್ಮಲ್ಲಿಂದ ಟಿ.ಸಿ. ಬೇಕು. ಅದನ್ನು ಕೇಳಿಕೊಂಡು ಇವತ್ತಿನವರೆಗೆ ಯಾರೂ ಬಂದಿಲ್ಲ. ಹೆಡ್ ಮೇಡಂಗೆ ಎಲ್ಲವನ್ನೂ ಹೇಳಿದಾಗ, "ಅವಳ ಫಾರಂ ಮಾತ್ರ ಫೈಲಿಂದ ಈಗ ತೆಗೀಬೇಡಿ, ಇನ್‌ಸ್ಪೆಕ್ಷನ್ ಇದೆ" ಎಂದರು.

ವರ್ಷದ ಕೊನೆಗೆ ಬೀರು ಖಾಲಿ ಮಾಡುವಾಗ ಆ ನೋಟ್‌ಬುಕ್ ಸಿಕ್ಕಿತು. ಕೂತು ತೆರೆದೆ. ಡೈರಿಯಲ್ಲಿದ್ದ ಒಂಬತ್ತು ದಿನದ ಹೋಮ್‌ವರ್ಕನ್ನೂ ಮಾಡಿದ್ದಳು. ನಾನು ಕೊಡದೆ ಇದ್ದದ್ದನ್ನು. ಮಗ್ಗಿಯಲ್ಲಿ ಒಂದು ತಪ್ಪಿಲ್ಲ, ಕಾಪಿಯಲ್ಲಿ ಒಂದು ಒತ್ತು ಬಿಟ್ಟಿಲ್ಲ. ಕೊನೆಯ ದಿನಕ್ಕೆ ತನಗೆ ತಾನೇ ‘ನನ್ನ ಶಾಲೆ, ಹತ್ತು ವಾಕ್ಯ’ ಎಂದು ಕೊಟ್ಟುಕೊಂಡಿದ್ದಳು. ಅದೊಂದು ಮಾತ್ರ ಮುಗಿದಿರಲಿಲ್ಲ, ಆರು ಬರೆದಿದ್ದಳು. ಆರನೆಯದು ‘ನಮ್ಮ ಮಿಸ್ ದಿನಾ ಹೋಮ್‌ವರ್ಕ್ ಕೊಡುತ್ತಾರೆ’ ಎಂದಿತ್ತು.

ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಅದರಲ್ಲಿ ಸಹಿ ಹಾಕಲು ನನಗೆ ಇನ್ನೂ ಕೈ ಬಂದಿಲ್ಲ.