ಎರಡನೇ ಉಪ್ಪಿನ ಗಂಟು

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ತಳದಲ್ಲೊಂದು ಬಟ್ಟೆಗಂಟು ಸಿಕ್ಕಿತು. ನನ್ನ ಹಳೇ ಸೀರೆ ಹರಿದು ಹರಳುಪ್ಪು ಕಟ್ಟಿದ್ದು. ಮೂಸಿದೆ. ಹರಳೆಣ್ಣೆ, ಅದರ ಮೇಲೆ ಪುದೀನದಂಥ ಮುಲಾಮಿನ ಘಾಟು... ಮೇಲಿನ ಮನೆಯವನದು.

ಮಗನ ಹತ್ತಿರ ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಬಂದ ಹೊಸದರಲ್ಲಿ ಅವನನ್ನು ನೋಡಿದ್ದೆ. ನರೆತ ಗಡ್ಡ, ಕುಂಟು ನಡಿಗೆ. ಬಸ್ ಸ್ಟಾಪಿರಲಿ, ಬ್ರೆಡ್ಡಿನ ಅಂಗಡಿಯಿರಲಿ, ಮಂದಿ ನಿಂತು ಕೈ ಕುಲುಕುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವ ಎಲೆಕ್ಷನ್ನಿಗೆ ನಿಂತಿದ್ದಾನೆ ಅಂತ ತಿಳಿದೆ. ನಮ್ಮ ಕಡೆ ಅಷ್ಟು ಕೈ ಕುಲುಕುವವರು ಮತ್ಯಾರಿದ್ದಾರೆ? ಒಂದು ದಿನ ಮೆಟ್ಟಿಲ ಹತ್ತಿರ ನನಗೂ ಕೈ ಚಾಚಿದ.

"ನಂದು ಇಲ್ಲಿ ಓಟಿಲ್ಲೋ ತಮ್ಮಾ, ಮುಂದಿನ ಮನಿಗೆ ಹೋಗು" ಅಂದೆ.

ಜೊತೆಗಿದ್ದ ಮೊಮ್ಮಗಳು ಬಿದ್ದು ಬಿದ್ದು ನಕ್ಕು ಅವನಿಗೆ ಜರ್ಮನ್‌ನಲ್ಲಿ ಹೇಳಿದಳು. ಅವನೂ ನಕ್ಕ. ಫ್ರಾನ್ಸಿನವನಂತೆ, ದೊಡ್ಡ ಫುಟ್‌ಬಾಲ್ ಆಟಗಾರನಂತೆ, ಆಟ ಬಿಟ್ಟು ವರ್ಷಗಳಾಗಿದ್ದವಂತೆ.

"ಗೋಲು ಹೊಡೀತಿದ್ದನೇನು?"

"ಇಲ್ಲ ಅಜ್ಜಿ, ಮಿಡ್‌ಫೀಲ್ಡ್. ಹೊಡಿಯೋರಿಗೆ ಚೆಂಡು ಕೊಡೋದು."

"ಹಂಗಾದ್ರ ಪಂಕ್ತಿಯೊಳಗ ಬಡಸಾಂವ ಅನ್ನು."

ಆ ಮಾತನ್ನು ಅವನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡ.

ಅವನ ಮೊಣಕಾಲು ನನ್ನದಕ್ಕಿಂತ ಕೆಟ್ಟಿತ್ತು. ಸಂಜೆ ಹಂಚಿನ ಮೇಲೆ ಉಪ್ಪು ಕಾಸುವಾಗ ಅವನಿಗೂ ಒಂದು ಗಂಟು ಕಟ್ಟಿದೆ. ಅಡಿಗೆಮನೆಯಲ್ಲಿ ಇಬ್ಬರೂ ಕೂತು ಕಾವು ಕೊಟ್ಟುಕೊಳ್ಳುತ್ತಿದ್ದೆವು.

ಆಮೇಲೆ ಹಳೇ ಆಟಗಾರರದೊಂದು ಮ್ಯಾಚು ಬಂತು. ಓಡಿದರೆ ಕಾಲು ಹೋಯಿತು ಅಂದಿದ್ದರು ಡಾಕ್ಟರು. ಇವನಿಗೋ ಆಡಲೇಬೇಕು. ಏನು ಮಾಡಲಿ ಅಂತ ಮೊಮ್ಮಗಳ ಕೈಲಿ ನನ್ನನ್ನು ಕೇಳಿಸಿದ.

"ಆಡಿದ್ರ ಕಾಲು ಹೋಗ್ತದ. ಆಡಲಿಲ್ಲಂದ್ರ ಸಾಯೋತನಕ ಗೊಣಗ್ತಿ. ಯಾವುದು ಬೇಕು ನೀನ ನೋಡ್ಕೋ" ಅಂದೆ.

ಆಡಿದ. ನಾವೂ ಹೋಗಿದ್ದೆವು. ಮಂದಿ ಅವನ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು. ಅವನು ಓಡಿದ್ದು ಕಡಿಮೆ. ಯಾರ ಎಲೆ ಖಾಲಿಯಾಗಿದೆ ಅಂತ ನೋಡುವವನ ಹಾಗೆ ನಡುವೆ ನಿಂತು ಸುತ್ತ ನೋಡುತ್ತಿದ್ದ. ಒಮ್ಮೆ ಚೆಂಡನ್ನು ದೂರ ಕಳಿಸಿದ, ಅಲ್ಲಿ ಯಾರೂ ಇರಲಿಲ್ಲ. ದಂಡವಾಯಿತು ಅಂದುಕೊಳ್ಳುವುದರೊಳಗೆ ಒಬ್ಬ ಓಡಿಬಂದು ಗೋಲು ಹೊಡೆದ. ಎಲ್ಲರೂ ಹೋಗಿ ಗೋಲು ಹೊಡೆದವನನ್ನು ಅಪ್ಪಿಕೊಂಡರು. ಇವನು ಮೊಣಕಾಲು ಹಿಡಿದು ಹುಲ್ಲಿನ ಮೇಲೆ ಕೂತಿದ್ದ... ನಗುತ್ತಿದ್ದ.

ಡಾಕ್ಟರು ಹೇಳಿದಂತೆಯೇ ಆಯಿತು. ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ. ಮೆಟ್ಟಿಲು ಹತ್ತಲಾಗದೆ ಫ್ರಾನ್ಸಿಗೆ, ಮಗಳ ಮನೆಗೆ ಹೊರಟ. ಆಡಬಾರದಿತ್ತೇನು ಅಂತ ಕೇಳಿಸಿದೆ. ಅವನು ಕೈಯಲ್ಲಿ ಬಡಿಸುವ ಹಾಗೆ ಮಾಡಿದ. ಆಮೇಲೆ ಬೆರಳು ನೆಕ್ಕಿ ತೋರಿಸಿದ, ನಾನೂ ಉಂಡೆ ಅಂತ.

ಹೋದ ಚಳಿಗಾಲ ತೀರಿಕೊಂಡ. ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಮಂದಿಯೆಲ್ಲ ಅವನ ಹರೆಯದ ಫೋಟೋ ಹಾಕಿದ್ದರು. ನಾನು ಕಂಡ ಕುಂಟ ಅವುಗಳಲ್ಲಿ ಎಲ್ಲೂ ಇರಲಿಲ್ಲ.

ಗಂಟಿನೊಳಗಿನ ಉಪ್ಪು ಕಲ್ಲಾಗಿತ್ತು. ಬಿಚ್ಚಿ ಚೆಲ್ಲಿದೆ. ಬಟ್ಟೆ ತಿಕ್ಕಿ ತಿಕ್ಕಿ ಒಗೆದೆ, ವಾಸನೆ ಹೋಗಲಿಲ್ಲ. ಇರಲಿ ಬಿಡು ಅಂತ, ಈಗ ನನ್ನ ಉಪ್ಪನ್ನು ಅದರಲ್ಲೇ ಕಟ್ಟಿಕೊಂಡಿದ್ದೇನೆ.