ನಾಲ್ಕನೇ ಗಂಟೆ

ಅವನು ಕುಳ್ಳ. ಬೀದಿಯವರೆಲ್ಲ ಮೊಳ ಅಂತಲೇ ಕರೆಯುತ್ತಿದ್ದರು. ಹೆಂಡತಿ ಅವನಿಗಿಂತ ಒಂದು ಗೇಣು ಎತ್ತರ. ಅವಳಿಗೆ ಬಿದ್ದ ಹೆಸರು ಏಣಿ. ಇಬ್ಬರೂ ಒಟ್ಟಿಗೆ ಹೊರಟರೆ ಎದುರು ಅಂಗಡಿಯ ಕ್ಷೌರಿಕ ಬಾಗಿಲಿಗೆ ಬಂದು, ನೆಲ ಹುಡುಕುವವನಂತೆ ಬಗ್ಗುತ್ತಿದ್ದ.

"ಏಣಿ ಕಾಣ್ತಾ ಇದೆ, ಮೊಳ ಎಲ್ಲಿ ಬಿತ್ತು?"

ಮೊಳನಿಗೆ ಕೋಪ ಬರುತ್ತಿರಲಿಲ್ಲ. "ಕೂತ ಮೇಲೆ ಎಲ್ಲರೂ ಒಂದೇ ಎತ್ತರ ಕಣೋ. ಅದಕ್ಕೇ ನಾನು ಸೀಟು ಮಾಡೋದು" ಅನ್ನುತ್ತಿದ್ದ.

ಅವನ ಕೆಲಸ ಬಸ್ಸಿಗೆ ಸೀಟು ಕಟ್ಟುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸ್ಪಂಜಿನ ಹಾಳೆಗಳು ಸೂರಿನವರೆಗೆ, ನೆಲದ ತುಂಬ ಪ್ಲೈವುಡ್ಡು, ಎಲ್ಲದರ ಮೇಲೂ ಗೋಂದಿನ ವಾಸನೆ. ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ. ಅವನು ಸ್ಪಂಜು ಕೊಯ್ದು, ಹಲಗೆಗೆ ಅಂಟಿಸುತ್ತಿದ್ದ. ಅವಳು ರೆಕ್ಸಿನ್ ಹೊದಿಕೆ ಹೊಲಿಯುತ್ತಿದ್ದಳು. ಆಮೇಲೆ ಅವನು ಬಾಯಿ ತುಂಬ ಮೊಳೆ ಇಟ್ಟುಕೊಂಡು, ಒಂದೊಂದಾಗಿ ತುಟಿಗೆ ತಂದು, ಹೊದಿಕೆಯನ್ನು ಎಳೆದು ಹೊಡೆಯುತ್ತಿದ್ದ. ಆ ಹೊತ್ತಿನಲ್ಲಿ ಏನು ಕೇಳಿದರೂ "ಹ್ಞೂಂ" ಒಂದೇ ಉತ್ತರ. ಬೇಕಾದ್ದಕ್ಕೆಲ್ಲ ಅವಳು ಆಗಲೇ ಒಪ್ಪಿಗೆ ತಗೊಂಡುಬಿಡುತ್ತಿದ್ದಳು.

ಅವಳ ಹೊಲಿಗೆಗೆ ಹೆಸರಿತ್ತು. ಸೀಟು ಮೊದಲು ಹರಿಯುವುದು ಮುಂದಿನ ಅಂಚಿನಲ್ಲಿ, ತೊಡೆ ಒತ್ತುವ ಕಡೆ. ಅಲ್ಲಿ ಅವಳು ರೆಕ್ಸಿನ್ನನ್ನು ಎರಡು ಮಡಿಕೆ ಮಾಡಿ, ದಪ್ಪ ದಾರದಲ್ಲಿ ಜೋಡಿ ಸಾಲು ಹಾಕುತ್ತಿದ್ದಳು. ಬಸ್ಸು ಗುಜರಿಗೆ ಹೋದರೂ ಆ ಹೊಲಿಗೆ ಬಿಡುತ್ತಿರಲಿಲ್ಲ. "ನನ್ನ ಸ್ಪಂಜು ಇವಳ ಹೊಲಿಗೆ ನೆರಳಲ್ಲಿ ಬದುಕ್ತಾ ಇದೆ" ಅಂತ ಮೊಳ ಗಿರಾಕಿಗಳಿಗೆ ಹೇಳುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಟೂರಿಸ್ಟ್ ಬಸ್ಸಿನ ಡ್ರೈವರೊಬ್ಬ ಒಂದು ಮಾತು ಹೇಳಿ ಹೋದ.

"ನಿನ್ನ ಸೀಟು ಮೂರು ಗಂಟೆ ತಾಯಿ ಕಣಯ್ಯ. ನಾಲ್ಕನೇ ಗಂಟೆಗೆ ಅತ್ತೆ. ಕಡಿಯುತ್ತೆ. ಜನ ಎದ್ದೆದ್ದು ನಿಲ್ತಾರೆ."

ಮೊಳ ನಕ್ಕ. ಆದರೆ ಅವತ್ತು ಊಟ ಸೇರಲಿಲ್ಲ.

ಅಲ್ಲಿಂದ ಎಂಟು ವರ್ಷ ಅವನು ಆ ಮಾತಿನ ಜೊತೆ ಗುದ್ದಾಡಿದ. ಗಟ್ಟಿ ಸ್ಪಂಜು ಹಾಕಿದ. ಮೆತ್ತನೆಯದು ಹಾಕಿದ. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ ಹಾಕಿದ. ಪ್ರತಿ ಸಲ ಡ್ರೈವರು ಬಂದು, "ಅತ್ತೆ ಇನ್ನೂ ಇದ್ದಾಳೆ" ಅನ್ನುವನು. ಒಂದು ಭಾನುವಾರ ಮೊಳ ಅಂಗಡಿಯಲ್ಲೇ ಹೊಸ ಸೀಟಿನ ಮೇಲೆ ಗಡಿಯಾರದ ಎದುರು ಐದು ಗಂಟೆ ಕೂತ. ಏನೂ ಕಡಿಯಲಿಲ್ಲ, ಹಸಿವಾಯಿತು ಅಷ್ಟೆ.

"ನಿಂತ ಸೀಟು ಬಾಯಿ ಬಿಡಲ್ಲ. ಓಡೋ ಸೀಟೇ ಹೇಳ್ಬೇಕು" ಅಂದ.

"ಹಾಗಾದ್ರೆ ಬಸ್ಸಲ್ಲಿ ಹೋಗಿ ಬನ್ನಿ."

ಅವನು ಅವಳ ಮುಖ ನೋಡಿದ. ಅವಳಿಗೆ ಗೊತ್ತಿತ್ತು. ಲೋಕಕ್ಕೆಲ್ಲ ಬಸ್ ಸೀಟು ಮಾಡಿಕೊಟ್ಟವನಿಗೆ ಬಸ್ಸು ಹತ್ತಿದ ಅರ್ಧ ಗಂಟೆಗೆ ವಾಂತಿ. ಇದು ಹೊರಗೆ ತಿಳಿದರೆ ಕ್ಷೌರಿಕ ಬದುಕಲು ಬಿಡುವುದಿಲ್ಲ ಅಂತ ಗಂಡ ಹೆಂಡತಿ ಇಪ್ಪತ್ತಾರು ವರ್ಷ ಮುಚ್ಚಿಟ್ಟಿದ್ದರು.

"ನಾನೇ ಹೋಗಿ ಕೂತು ಬರ್ಲಾ?"

"ಬೇಡ. ನನ್ನ ಸ್ಪಂಜು, ನನ್ನ ಸೊಂಟಾನೇ ಹೇಳ್ಬೇಕು."

ಸ್ಕೂಟರಿನಲ್ಲಿ ಅವನಿಗೆ ವಾಂತಿಯಾಗುತ್ತಿರಲಿಲ್ಲ. ಮುಖಕ್ಕೆ ಗಾಳಿ ಬೇಕು, ಅಷ್ಟೆ. ಆದರೆ ಮನೆಯ ಹಳೆ ಸ್ಕೂಟರು ಮುಕ್ಕಾಲು ಗಂಟೆಗೆ ಏದುಸಿರು ಬಿಡುತ್ತಿತ್ತು. ಅದಕ್ಕೆ ಅವನು ಐವತ್ಮೂರನೇ ವಯಸ್ಸಿನಲ್ಲಿ ದೂರದ ದಾರಿಗೆಂದೇ ಮಾಡಿದ ಟೂರಿಂಗ್ ಬೈಕು ಕೊಂಡ. ಅದರ ಸೀಟಿಗೆ ತನ್ನದೇ ಸ್ಪಂಜು ಹಾಕಿ, ಅವಳದೇ ಹೊದಿಕೆ ಹೊದಿಸಿ, ಎದ್ದೇಳದೆ ನಾಲ್ಕು ಗಂಟೆ ಓಡಿಸುವುದು, ಎಲ್ಲಿ ಕಡಿಯುತ್ತದೆ ಅಂತ ಖುದ್ದು ನೋಡುವುದು. ಬೇರೇನೂ ಆಸೆ ಅವನಿಗಿರಲಿಲ್ಲ.

ಬೈಕು ಮನೆಗೆ ಬಂದ ದಿನ ಓಡಿಸಿಕೊಂಡು ಬಂದವನು ಷೋರೂಮಿನವನು. ಬೈಕು ಕೊಂಡ ಮೊಳ ಹಿಂದೆ ಕೂತಿದ್ದ. ಕ್ಷೌರಿಕ ಕತ್ತರಿ ಹಿಡಿದೇ ಓಡಿ ಬಂದ. ಅವನ ಗಿರಾಕಿ ಅರ್ಧ ಮೀಸೆಯಲ್ಲಿ ಹಿಂದೆಯೇ ಬಂದ.

"ಇದನ್ನ ಹತ್ತೋಕೆ ಏಣಿ ಬೇಕಲ್ಲಯ್ಯಾ!"

"ಮನೇಲೇ ಇದೆಯಲ್ಲ" ಅಂದ ಮೊಳ.

ಹತ್ತಿದ. ಎರಡು ಕಾಲೂ ನೇತಾಡಿದವು. ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ. ಬೈಕು ಎಡಕ್ಕೆ ವಾಲಿತು, ನಿಧಾನವಾಗಿ ಮಲಗಿತು. ಅವನೂ ಅದರ ಜೊತೆ ಮಲಗಿದ.

ಅವತ್ತೇ ಸೀಟು ಕಳಚಿ, ಸ್ಪಂಜು ಕೊಯ್ಯುವ ಉದ್ದ ಚಾಕು ತಗೊಂಡ. ಕಂಪನಿಯ ಸ್ಪಂಜು ಕಿತ್ತು ತನ್ನದು ಕೂರಿಸಿದ. ಆಮೇಲೆ ಅದರ ಮೇಲಿನಿಂದ ನಾಲ್ಕು ಬೆರಳು ದಪ್ಪ ಒಂದೇ ಹೋಳಾಗಿ ತೆಗೆದ. ಅವಳು ಅಳತೆಗೆ ಹೊದಿಕೆ ಹೊಲಿದುಕೊಟ್ಟಳು, ಮುಂದಿನ ಅಂಚಿಗೆ ಜೋಡಿ ಸಾಲು. ಹಿಂದಿನ ಸೀಟನ್ನು ಮುಟ್ಟಲಿಲ್ಲ. ಮೊದಲೇ ಏಣಿ, ಅವಳು ಹಿಂದೆ ಕೂತು ನೋಡಿದರೆ ಅಟ್ಟದ ಮೇಲೆ ಕೂತ ಹಾಗಾಯಿತು. ಹಿಂದಿನಿಂದ ನೋಡಿದರೆ ಅವನು ಕಾಣುತ್ತಲೇ ಇರಲಿಲ್ಲ.

ಸೀಟು ತಗ್ಗಿಸಿದರೂ ಪೂರ್ತಿ ಸಾಲಲಿಲ್ಲ. ಮರದ ಮಂಡಿಯ ಹಿಂದಿನ ಖಾಲಿ ಅಂಗಳದಲ್ಲಿ ಕಲಿಯತೊಡಗಿದ. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲಿಸುವಾಗ ಕಷ್ಟ. ಕ್ಲಚ್ಚು ಹಿಡಿದು, ಬ್ರೇಕು ಒತ್ತಿ, ಕಾಲು ಚಾಚುವಷ್ಟರಲ್ಲಿ ಎಡಕ್ಕೆ ಧೊಪ್. ಕ್ಷೌರಿಕ ಮತ್ತು ಅವಳು ಎತ್ತುವುದು, ಅವನು ಮತ್ತೆ ಹತ್ತುವುದು.

"ಎತ್ತೋದು ನಾವು ಚೆನ್ನಾಗಿ ಕಲಿತ್ವಿ" ಅಂದ ಕ್ಷೌರಿಕ. "ಓಡಿಸೋದು ನೀನು ಯಾವಾಗ?"

ಐದನೇ ಸಲ ಬಿದ್ದಾಗ ಮೊಳ ನಗಲಿಲ್ಲ. ಮೊಣಕಾಲು ಒರೆಸಿಕೊಂಡು, "ವಾಪಸ್ ಕೊಟ್ಬಿಡೋಣ ಕಣೇ" ಅಂದ. ಅವಳು ಹಿಂದೆ ಹತ್ತಿ ಕೂತಳು. ಎರಡು ಪಾದ ಕೆಳಗೆ ಬಿಟ್ಟಳು. ಹಿಮ್ಮಡಿ ಸಮೇತ ನೆಲಕ್ಕೆ ತಾಗಿದವು.

"ನೀವು ಓಡಿಸಿ, ನಾನು ನಿಲ್ಲಿಸ್ತೀನಿ."

ಹಾಗೆ ಶುರುವಾಯಿತು. ಅವನು ಬ್ರೇಕು ಒತ್ತಿದರೆ ಅವಳು ಕಾಲು ಇಳಿಸುವಳು. ಒಂದು ಸಿಗ್ನಲ್ಲಿನಲ್ಲಿ ಪಕ್ಕದ ಲಾರಿಯವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಅಕ್ಕಾ, ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಾ?"

"ದೂರ" ಅಂದಳು.

ಅವಳಿಗೂ ಕಲಿಯುವುದಿತ್ತು. ತಿರುವಿನಲ್ಲಿ ಅವನು ಬಲಕ್ಕೆ ವಾಲಿದರೆ ಅವಳು ಎಡಕ್ಕೆ ವಾಲುತ್ತಿದ್ದಳು. ಬೈಕು ಯಾರ ಮಾತು ಕೇಳಬೇಕೆಂದು ತಿಳಿಯದೆ ನೆಟ್ಟಗೆ ಹೋಗುತ್ತಿತ್ತು.

"ಲೇ, ನಾನು ವಾಲಿದ ಕಡೆಗೇ ವಾಲೇ!"

"ನೀವು ಬೀಳ್ತೀರಾ ಅಂತ ನಾನು ಆ ಕಡೆ ಹಿಡಿದಿದ್ದು!"

"ಬಿದ್ರೆ ಜೊತೇಲೇ ಬೀಳೋಣ, ಬಿಡು."

ಆಮೇಲೆ ಅವಳು ಅವನ ಹೆಗಲು ನೋಡಿಕೊಂಡು ವಾಲಿದಳು. ಹ್ಯಾಂಡಲಿನ ಹಿಡಿ ಬಿಗಿಯಾಗಿ ಹಿಡಿದರೆ ಕೈ ಜೋಮು ಬರುತ್ತದೆ, ಗುಂಡಿಯನ್ನು ನೋಡಿದರೆ ಬೈಕು ಗುಂಡಿಗೇ ಹೋಗುತ್ತದೆ ಅನ್ನುವುದನ್ನೆಲ್ಲ ಅವನು ಕಲಿತ. ಒಂದು ವಾರ ಒಂದು ಗಂಟೆಯ ದಾರಿ. ಮುಂದಿನ ವಾರ ಎರಡು. ಒಂದು ಭಾನುವಾರ ಮೂರು ಗಂಟೆ ಓಡಿಸಿ, ನದಿಯ ದೊಡ್ಡ ಸೇತುವೆ ಮುಟ್ಟಿದರು.

"ಇನ್ನೊಂದು ಗಂಟೆ ಕಣೇ" ಅಂದ. "ಈಗ ಇಳಿದ್ರೆ ಲೆಕ್ಕ ಮತ್ತೆ ಮೊದಲಿಂದ."

"ನಾಳೆ ಬೆಳಿಗ್ಗೆಗೆ ಮೂವತ್ತು ಹೊದಿಕೆ ಕೊಡ್ಬೇಕು. ಹೊಲಿಯೋರು ಯಾರು, ನಿಮ್ಮ ನಾಲ್ಕನೇ ಗಂಟೆ ಅತ್ತೆನಾ?"

ಅವನು ನಕ್ಕ. ಸೇತುವೆಯ ಬದಿಗೆ ನಿಲ್ಲಿಸಿದ. ಅವಳು ಕಾಲು ಇಳಿಸಿದಳು. ನೀರು ಕುಡಿದು, ಸ್ವಲ್ಪ ಅಡ್ಡಾಡಿ, ತಿರುಗಿಸಿದರು. ಮೂವತ್ತು ಹೊದಿಕೆ ಹೊತ್ತಿಗೆ ಸರಿಯಾಗಿ ಹೋದವು. ತಗೊಂಡವರು ಹದಿನೈದು ದಿನ ಅವುಗಳ ಕಟ್ಟು ಬಿಚ್ಚಿಯೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸೇತುವೆಗೆ ಹೋಗಿ ಬಂದ ಹನ್ನೊಂದನೇ ದಿನ, ಮಧ್ಯಾಹ್ನ, ಅವನು ಮೊಳೆ ಹೊಡೆಯುತ್ತಿದ್ದವನು ನಿಲ್ಲಿಸಿದ. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಒಂದೂ ಬೀಳದ ಹಾಗೆ ಡಬ್ಬಿಗೆ ಹಾಕಿದ. "ಸ್ವಲ್ಪ ಕೂರ್ತೀನಿ" ಅಂದ. ಅರ್ಧ ಆಗಿದ್ದ ಸೀಟಿನ ಮೇಲೆ ಕೂತ. ಅವಳ ಸಾಲು ಇನ್ನೂ ಒಂದು ಗೇಣು ಬಾಕಿ ಇತ್ತು. ಮುಗಿಸಿ, ದಾರ ಕಚ್ಚಿ, ತಿರುಗಿ ನೋಡಿದಳು. ಅವನು ಕೂತಲ್ಲೇ ಹೋಗಿಬಿಟ್ಟಿದ್ದ.

ಆ ಒಂದು ಗೇಣು ಸಾಲು ಯಾಕೆ ಹೊಲಿದೆ ಅಂತ ಅವಳಿಗೆ ಇವತ್ತಿಗೂ ತಿಳಿಯದು.

ಅವಳ ತಮ್ಮ ಬಂದ. ಹತ್ತು ದಿನ ಇದ್ದ. ಹೊರಡುವ ದಿನ ಬೈಕಿನ ಸುತ್ತ ಒಂದು ಸುತ್ತು ಬಂದ.

"ಇದನ್ನ ಇಟ್ಕೊಂಡು ಏನು ಮಾಡ್ತೀಯಕ್ಕ? ಮೂಲೇಲಿ ಎಮ್ಮೆ ಥರ ನಿಂತಿದೆ. ಕೊಟ್ಬಿಡು ಯಾರಿಗಾದ್ರೂ."

"ನಿನ್ನ ಹುಲ್ಲು ತಿಂತಾ ಇದೆಯೇನೋ?"

ತಮ್ಮ ಚೀಲ ಹೆಗಲಿಗೇರಿಸಿದ.

ಬಸ್ಸಿನ ಡ್ರೈವರೂ ಬಂದ. ಬಾಗಿಲಲ್ಲೇ ನಿಂತ. ಕೂರು ಅಂದರೂ ಕೂರಲಿಲ್ಲ. ಅವಳು ನೇರವಾಗಿ ಕೇಳಿದಳು.

"ಎಲ್ಲಿ ಕಡಿಯುತ್ತೆ ಅಣ್ಣಾ? ಸೊಂಟಾನಾ, ಬೆನ್ನಾ?"

"ನನಗೇನಮ್ಮಾ ಗೊತ್ತು, ಡ್ರೈವರ್ ಸೀಟು ಬೇರೆ. ಒಬ್ಬರು ಸೊಂಟ ಅಂತಾರೆ, ಒಬ್ಬರು ಕಾಲು ಜೋಮು ಅಂತಾರೆ. ಒಂದು ದಿನ ಬಾ, ಕೂತು ನೋಡು."

"ಬಸ್ಸು ಬೇಡ. ಅವರು ಹೊರಟಿದ್ದು ಇದರಲ್ಲಿ" ಅಂದಳು. ಬೈಕಿನ ಕಡೆ ಕೈ ತೋರಿಸಿದಳು.

ಹೇಳಿ ಆದ ಮೇಲೆ ಅವಳಿಗೇ ದಿಗಿಲಾಯಿತು. ಹಳೆ ಸ್ಕೂಟರಿನಲ್ಲಿ ಹೊದಿಕೆ ಸಾಗಿಸಿ ಅಭ್ಯಾಸ, ಅಷ್ಟೆ. ಹತ್ತಿ ಕೂತು ನೋಡಿದಳು. ಅವನಿಗೆಂದು ತಗ್ಗಿಸಿದ ಸೀಟಿನಲ್ಲಿ ಅವಳ ಮಂಡಿ ಹಿಡಿಗೇ ಬಡಿಯುತ್ತಿತ್ತು. ಎತ್ತರಿಸಲು ಸ್ಪಂಜು ಹುಡುಕುತ್ತ ಅಟ್ಟದ ಹಲಗೆಗೆ ಕೈ ಹಾಕಿದಾಗ ಅವನು ಕೊಯ್ದು ತೆಗೆದಿದ್ದ ಹೋಳು ಸಿಕ್ಕಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ. ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಣ, ಪಕ್ಕದಲ್ಲಿ 'ಮುಂದೆ' ಅಂತ ಬರಹ. ಅವಳಿಗೆಂದು ಇಟ್ಟದ್ದಲ್ಲ. ಅವನು ಯಾವ ತುಂಡನ್ನೂ ಎಸೆದವನಲ್ಲ, ಯಾವುದಕ್ಕೂ ಬಾಣ ಹಾಕದೆ ಇಟ್ಟವನೂ ಅಲ್ಲ. ಆದರೂ ಅದನ್ನು ಹಿಡಿದುಕೊಂಡು ನೆಲದ ಮೇಲೆ ಬಹಳ ಹೊತ್ತು ಕೂತಳು.

ಗೋಂದು ಹಚ್ಚಿ, ಬಾಣ ನೋಡಿ ಕೂರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಹೊಸ ಹೊದಿಕೆ ಹೊಲಿದಳು. ಅವನ ಬೈಕಿನ ಸೀಟು ಎಂದೂ ಹರಿಯಬಾರದು ಅಂತ ಮುಂದಿನ ಅಂಚಿಗೆ ಜೋಡಿ ಸಾಲಿನ ಜೊತೆ ಮೂರನೆಯದನ್ನೂ ಹಾಕಿದಳು.

ಅದೇ ಅಂಗಳ, ಅದೇ ಕ್ಷೌರಿಕ. ಅವಳು ಬಿದ್ದದ್ದು ಒಂದೇ ಸಲ, ಅದೂ ಬಲಕ್ಕೆ.

"ಅವನು ಎಡ, ನೀನು ಬಲ" ಅಂದ ಕ್ಷೌರಿಕ. ಅಂದವನು ಆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಲೈಸೆನ್ಸ್ ಪರೀಕ್ಷೆಯವನು ಬೈಕನ್ನೂ ಅವಳನ್ನೂ ನೋಡಿ, "ಅಮ್ಮಾ, ಇದನ್ನ ಯಾರು ಓಡಿಸಿಕೊಂಡು ಬಂದ್ರು?" ಅಂತ ಕೇಳಿದ. "ನೀವು ಕಾಗದ ಕೊಡಿ, ಆಮೇಲೆ ಹೇಳ್ತೀನಿ" ಅಂದಳು. ಕೊಟ್ಟ.

ಒಂದು ಭಾನುವಾರ ಬೆಳಿಗ್ಗೆ ಹೊರಟಳು. ಬೆನ್ನ ಹಿಂದೆ ಖಾಲಿ. ಮೊದಲ ತಿರುವಿನಲ್ಲಿ ವಾಲಲು ನೋಡಿಕೊಳ್ಳುವುದಕ್ಕೆ ಮುಂದೆ ಹೆಗಲಿರಲಿಲ್ಲ. ನೆಟ್ಟಗೆ ಹೋಗಿ ಮಣ್ಣಿಗಿಳಿದಳು. ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ರಸ್ತೆಗೆ ಹತ್ತಿಸಿದಳು. ಒಂದು ಗಂಟೆ. ಎರಡು. ಸೀಟು ತಾಯಿಯ ಹಾಗೆ ಹೊತ್ತುಕೊಂಡು ಹೋಯಿತು. ಮೂರು ಗಂಟೆಗೆ ಸೇತುವೆ. ಇಬ್ಬರೂ ಅವತ್ತು ನೀರು ಕುಡಿದ ಜಾಗದಲ್ಲಿ ಈಗ ಯಾರೋ ಕಾರು ನಿಲ್ಲಿಸಿದ್ದರು. ಅವಳು ಇಳಿಯಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂತು. ಸೊಂಟಕ್ಕಲ್ಲ, ಬೆನ್ನಿಗಲ್ಲ. ತೊಡೆಯ ಕೆಳಗೆ, ಅಡ್ಡಕ್ಕೆ, ಹಗ್ಗ ಎಳೆದು ಕಟ್ಟಿದ ಹಾಗೆ. ಮೊದಲು ಸಣ್ಣಗೆ, ಆಮೇಲೆ ಉರಿ, ಆಮೇಲೆ ಪಾದದವರೆಗೂ ಜೋಮು. ನಾಲ್ಕು ಗಂಟೆ ತುಂಬುವವರೆಗೆ ಹಲ್ಲು ಕಚ್ಚಿ ಕೂತಳು. ತುಂಬಿದ ಮೇಲೆ ಒಂದು ಮರದ ಕೆಳಗೆ ನಿಲ್ಲಿಸಿ ಇಳಿದಳು. ಬಟ್ಟೆಯ ಮೇಲಿನಿಂದಲೇ ತೊಡೆಯ ಹಿಂದೆ ಕೈಯಾಡಿಸಿದಳು. ಮೂರು ಗೆರೆ ಬೆರಳಿಗೆ ಸಿಕ್ಕವು. ಸೀಟಿನ ಅಂಚಿನ ಮೇಲೆ ಕೈಯಾಡಿಸಿದಳು. ಅಲ್ಲೂ ಮೂರು.

ಅಲ್ಲೇ ಕಲ್ಲಿನ ಮೇಲೆ ಕೂತಳು. ಎಂಟು ವರ್ಷ ಅವನು ತನ್ನ ಸ್ಪಂಜಿಗೆ ಬೈದಿದ್ದ. ಗಟ್ಟಿ ಮಾಡಿದ್ದ, ಮೆತ್ತಗೆ ಮಾಡಿದ್ದ, ಊಟ ಬಿಟ್ಟಿದ್ದ. ಒಂದು ದಿನವೂ ಅವಳ ಹೊಲಿಗೆಯನ್ನು ಅನುಮಾನದಿಂದ ಮುಟ್ಟಿ ನೋಡಿರಲಿಲ್ಲ. ಅವತ್ತು ಸೇತುವೆಯಿಂದ ಇನ್ನೊಂದು ಗಂಟೆ ಹೋಗಲು ಬಿಟ್ಟಿದ್ದರೆ ಅವನಿಗೆ ತಿಳಿಯುತ್ತಿತ್ತು. ಏನು ಅನ್ನುತ್ತಿದ್ದ? ಬೈಯುತ್ತಿರಲಿಲ್ಲ. ಕ್ಷೌರಿಕನಿಗೆ ಮಾತ್ರ ಹೇಳಬೇಡ ಅನ್ನುತ್ತಿದ್ದ.

ವಾಪಸ್ ಬರುವಾಗ ಎರಡು ಕಡೆ ಇಳಿದು ಅಡ್ಡಾಡಿದಳು. ಬೀದಿಗೆ ಬಂದಾಗ ಇನ್ನೂ ಬಿಸಿಲಿತ್ತು. ಕ್ಷೌರಿಕ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದ. ಅವಳು ಎರಡೂ ಪಾದ ಊರಿ ಬೈಕು ನಿಲ್ಲಿಸಿದಳು.

"ನಾಲ್ಕು ಗಂಟೆ ಕೂತ್ಯಾ?"

"ಕೂತೆ."

"ಗೊತ್ತಾಯ್ತಾ ಅತ್ತೆ ಯಾರು ಅಂತ?"

"ಗೊತ್ತಾಯ್ತು."

"ಯಾರು?"

"ನಾನೇ" ಅಂದಳು.

ಕ್ಷೌರಿಕನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ. ಸೀಟು ಕಳಚಿ ಒಳಗೆ ಒಯ್ದಳು. ಕಿಟಕಿಯ ಬೆಳಕಿಗೆ ಹಿಡಿದು, ಬ್ಲೇಡಿನಿಂದ ಮೂರನೇ ಸಾಲು ಬಿಚ್ಚಿದಳು, ಆಮೇಲೆ ಎರಡನೆಯದು, ಆಮೇಲೆ ಮೊದಲನೆಯದು. ಗಟ್ಟಿ ಹೊಲಿಗೆ, ಬಿಡಲು ಒಪ್ಪಲೇ ಇಲ್ಲ. ಹೊಸ ಮಡಿಕೆಯನ್ನು ತೊಡೆ ತಾಗದ ಕಡೆಗೆ, ಅಂಚಿನಿಂದ ನಾಲ್ಕು ಬೆರಳು ಕೆಳಗೆ ಇಳಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಮರೆಯದಿರಲಿ ಅಂತ ಪಕ್ಕದಲ್ಲಿ ಒಂದು ಬಾಣ ಹಾಕಿದಳು.